ಆಷಾಢದ ಕೆರೆ, ಕಾಕಾನ ಹಾಯಿದೋಣಿ

ಮದುವೆಯಾದ ವರ್ಷವೇ ಆಷಾಢಕ್ಕೆ ನನ್ನನ್ನು ತವರಿಗೆ ಕರೆತಂದರು. ರಾಣೆಬೆನ್ನೂರಿನ ಮನೆಯಲ್ಲಿ ಯಾವ ಡಬ್ಬಿಯಲ್ಲಿ ಯಾವ ಬೇಳೆ ಇದೆ ಎಂದು ಗೊತ್ತಾಗುವಷ್ಟರಲ್ಲಿ ಅಣ್ಣ ಬಂದು ನಿಂತಿದ್ದ. ಬ್ಯಾಡಗಿಯ ನಮ್ಮ ಮನೆಯ ಹೊಸ್ತಿಲು ದಾಟುವಾಗ ಖುಷಿಗೆ ಕಣ್ಣು ತುಂಬುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ನನ್ನ ಕೋಣೆಯಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಹೊಲಿಗೆ ಮಷೀನು ಇಟ್ಟುಕೊಂಡಿದ್ದಳು. ನನ್ನ ಪುಸ್ತಕಗಳು ಗೋಣಿಚೀಲ ಸೇರಿ ಅಟ್ಟ ಹತ್ತಿದ್ದವು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಆದರೂ ನಾನು ಮನೆಯಲ್ಲಿ ಎಲ್ಲಿ ಕೂತರೂ ಬೇರೆ ಯಾರದೋ ಜಾಗದಲ್ಲಿ ಕೂತ ಹಾಗೆ ಅನ್ನಿಸುತ್ತಿತ್ತು.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ ಆ ವರ್ಷಗಳಲ್ಲಿ ಎಲ್ಲರ ಕೈಯಲ್ಲೂ ಮೊಬೈಲು ಬಂದಿರಲಿಲ್ಲ. ನನ್ನ ಗಂಡ ದಿನಾ ಸಂಜೆ ಪಡಸಾಲೆಯ ಫೋನಿಗೆ ಕರೆ ಮಾಡುತ್ತಿದ್ದರು. ಅವರದು ಬೀಜದ ಅಂಗಡಿ. ಬಿತ್ತನೆಯ ಹೊತ್ತು, ಗೋವಿನಜೋಳ, ಹತ್ತಿ ಎಂದು ರೈತರು ಬೆಳಗಿನಿಂದ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಫೋನಿನಲ್ಲೂ ಆ ಗದ್ದಲವೇ ಮೊದಲು ಕೇಳಿಸುತ್ತಿತ್ತು, ಅವರ ದನಿ ಆಮೇಲೆ.

"ಊಟ ಆತಾ?"

"ಆತ್ರಿ."

"ಮಳಿ ಐತೇನು ಅಲ್ಲೆ?"

"ಬರೇ ಗಾಳಿ ಐತ್ರಿ."

"ಆತು, ಫೋನ್ ಇಡ್ಲಿ?"

ಇಷ್ಟೇ. ಫೋನಿಟ್ಟ ಮೇಲೆ ನಾನು ಹಿತ್ತಲಿಗೆ ಹೋಗುತ್ತಿದ್ದೆ, ಅಲ್ಲಿಂದ ಮಾಳಿಗೆಗೆ, ಮಾಳಿಗೆಯಿಂದ ಮತ್ತೆ ತಲಬಾಗಿಲಿಗೆ. ಈ ಮನುಷ್ಯ ನನಗೆ ಬೇಕಾಗಿದ್ದಾರೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಕೆಟ್ಟವರಲ್ಲ, ಒಂದು ಗಟ್ಟಿ ಮಾತು ಆಡಿದವರಲ್ಲ. ಆದರೆ ಅವರ ಒಳಗೆ ಏನಿದೆ ಎಂದು ನೋಡಲು ಒಂದು ಕಿಟಕಿಯೂ ಇರಲಿಲ್ಲ. ಕಸೂತಿ ಹಿಡಿದರೆ ನಾಲ್ಕು ಹೊಲಿಗೆಗೆ ಬಿಡುತ್ತಿದ್ದೆ. ಹಗಲಿಡೀ ಗಾಳಿ ಬೀಸುತ್ತಿತ್ತು. ಬಾಗಿಲುಗಳು ತಾವಾಗಿಯೇ ಬಡಿದುಕೊಳ್ಳುತ್ತಿದ್ದವು, ಪಕ್ಕದ ಮನೆಯ ತಗಡು ಏಳುತ್ತಾ ಬೀಳುತ್ತಾ ಇತ್ತು. "ನಿನ್ನ ಕಾಲಾಗ ಚಕ್ರ ಅದಾವೇನಬೇ?" ಎಂದು ಅವ್ವ ರೇಗುತ್ತಿದ್ದಳು.

ಅಂಥದೊಂದು ಭಾನುವಾರ ಕಾಕಾ ಊಟಕ್ಕೆ ಬಂದ. ಅವನು ಅಪ್ಪನ ತಮ್ಮ. ಮೀಸೆ ಚಿಗುರುವ ವಯಸ್ಸಿಗೇ ನೌಕಾಪಡೆ ಸೇರಿ, ಮುಂಬೈ, ಕೊಚ್ಚಿ, ಕಾರವಾರ ಎಂದು ಆಯುಷ್ಯದ ಅರ್ಧ ಕಳೆದು, ನಿವೃತ್ತನಾಗಿ ಹಾವೇರಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಮದುವೆಯಾಗಿರಲಿಲ್ಲ. ಸಮುದ್ರ ಬಿಟ್ಟು ಇಷ್ಟು ದೂರ ಬಂದು ಯಾಕೆ ಕೂತೆ ಎಂದು ಯಾರಾದರೂ ಕೇಳಿದರೆ, "ಸಮುದ್ರದಾಗ ಜ್ವಾಳದ ರೊಟ್ಟಿ ಸಿಗೂದಿಲ್ಲ" ಎನ್ನುತ್ತಿದ್ದ. ಆದರೆ ಬರಿಗೈಲಿ ಬಂದಿರಲಿಲ್ಲ. ಮುಂಬೈಯಲ್ಲಿ ಅವನ ಗೆಳೆಯನೊಬ್ಬ ಹಳೆಯ ಹಾಯಿದೋಣಿಯೊಂದನ್ನು ಇವನಿಗೆ ಕೊಟ್ಟುಬಿಟ್ಟಿದ್ದ. ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲದಷ್ಟು ಪುಟ್ಟದು. ಮೆಣಸಿನಕಾಯಿ ಇಳಿಸಿ ತಿರುಗಿ ಬರುವ ಲಾರಿಯ ಮೇಲೆ ಅದನ್ನು ಬೋರಲು ಹಾಕಿ ಕಟ್ಟಿ ತಂದಿದ್ದರು. ದೋಣಿ ಹಾವೇರಿಯಲ್ಲಿ ಇಳಿಯಿತು. ಹಾಯಿ ಮಾತ್ರ, ಇಲಿ ಕಡಿಯಬಾರದೆಂದು, ಅಪ್ಪನ ಗೋದಾಮಿನಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಸೇರಿತು. ಅಪ್ಪನದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ.

ಊಟದ ನಡುವೆ ಕಾಕಾ ಮೊಣಕಾಲು ನೀವಿಕೊಳ್ಳುತ್ತಾ ಹೇಳಿದ, "ಕೆರಿ ತುಂಬಾಕತ್ತೈತಿ. ಗಾಳಿ ಅಂತೂ ಹಬ್ಬ ಮಾಡಾಕತ್ತೈತಿ. ದೋಣಿಗೆ ಇನ್ನೊಬ್ಬರು ಬೇಕಾಗ್ಯಾರ. ನನ್ನ ಮೊಣಕಾಲು ಮಡಚವಲ್ದು."

ಅಣ್ಣ ನಕ್ಕ. "ನನಗ ಮೋಟರ್ ಸೈಕಲ್ಲ ಸಾಕು ಕಾಕಾ."

"ನಾ ಬರ್ತೇನಿ," ಅಂದೆ. ಯೋಚನೆ ಮಾಡಿ ಆಡಿದ ಮಾತಲ್ಲ ಅದು. ಬಾಯಿಂದ ಜಾರಿತ್ತು.

ಅವ್ವನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. "ಏನ ಬರ್ತಿ? ಕೈಯಾಗ ಹಸರ ಬಳಿ ಇನ್ನೂ ಹಾಂಗ ಅದಾವ. ನೀರಾಗ ಹೆಚ್ಚುಕಮ್ಮಿ ಆದ್ರ ಬೀಗರಿಗೆ ಏನಂತ ಹೇಳ್ಲಿ ನಾ?"

"ನನಗ ಈಜು ಬರ್ತೈತಿ." ಅದು ನಿಜ. ಹೊಸರಿತ್ತಿಯಲ್ಲಿ ಅಜ್ಜನ ಮನೆಗೆ ಹೋದಾಗಲೆಲ್ಲ ವರದಾ ಹೊಳೆಯಲ್ಲಿ ಅಜ್ಜ ನನ್ನ ಹೊಟ್ಟೆಯ ಕೆಳಗೆ ಕೈಕೊಟ್ಟು ಕಲಿಸಿದ್ದ.

"ಈಜು ಬರೋರ ಮುಳಗೂದು," ಎಂದಳು ಅವ್ವ. ಆ ಮಾತನ್ನು ವಿಚಿತ್ರ ದನಿಯಲ್ಲಿ ಆಡಿ ಅಪ್ಪನ ಮುಖ ನೋಡಿದಳು. ಅಪ್ಪ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ. ತುತ್ತು ನುಂಗಿ, "ಹೋಗಿ ಬರ್ಲಿ ಬಿಡು. ಮನಿಯಾಗ ಕುಂತು ಗ್ವಾಡಿ ಎಣಸಾಕತ್ತಾಳ" ಅಂದ. ಮನೆಯಲ್ಲಿ ಅಪ್ಪ ಮಾತಾಡುವುದೇ ಕಡಿಮೆ, ಆಡಿದರೆ ಅದು ಮುಗಿದ ಹಾಗೆ.

ಹಾಯಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹೋದೆವು. ಕೆರೆ ಹಾವೇರಿಯ ಬದಿಗೇ ಇದೆ, ದೊಡ್ಡದು. ಆಗ ಮುಕ್ಕಾಲು ತುಂಬಿತ್ತು, ಕೆಂಪು ನೀರು. ನಾವು ದೋಣಿ ಇಳಿಸುವ ದಂಡೆ ಪಡುವಣಕ್ಕೆ, ಗಾಳಿಯೂ ಅದೇ ದಿಕ್ಕಿನಿಂದ ಬರುತ್ತಿತ್ತು. ಕಂಬ ನಿಲ್ಲಿಸಿ ಕಾಕಾ ಹಾಯಿ ಬಿಚ್ಚಿದ್ದೇ ತಡ, ಗೋದಾಮಿನ ಖಾರದ ಧೂಳೆಲ್ಲ ಎದ್ದು ನಮ್ಮ ಮುಖಕ್ಕೆ ಹೊಡೆಯಿತು. ಇಬ್ಬರೂ ಸೀನಿದೆವು. ಬಟ್ಟೆ ಒಗೆಯುತ್ತಿದ್ದ ಹೆಂಗಸರೂ ಸೀನಿದರು. ಒಬ್ಬಳು, "ಯಣ್ಣಾ, ದೋಣಿಗೂ ಒಗ್ಗರಣಿ ಹಾಕೀರೇನು?" ಎಂದು ಕೂಗಿದಳು.

ಚೂಡಿದಾರದ ಮೇಲೆ ಹಳೆಯ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸಿದ ಕಾಕಾ. ತಾಳಿಯನ್ನು ಒಳಗೆ ಸೇರಿಸಿಕೊಂಡೆ. ಬಳೆ ತೆಗೆಯಲು ಅವ್ವ ಬಿಟ್ಟಿರಲಿಲ್ಲ, ಅವುಗಳ ಮೇಲೆ ಬಟ್ಟೆ ಸುತ್ತಿಕೊಂಡೆ. ದಂಡೆಯ ಮೇಲೆ ಇಷ್ಟು ಸಂಭಾವಿತನಾದ ಕಾಕಾ ದೋಣಿ ಹತ್ತಿದ್ದೇ ಬೇರೆ ಮನುಷ್ಯನಾದ. ಕನ್ನಡ ಹೋಗಿ ಹಿಂದಿ ಬಂತು. "ಖೀಂಚ್! ಛೋಡ್! ಝುಕ್!" ಎಳೆ, ಬಿಡು ಎಂಬ ಮೊದಲೆರಡು ನನಗೆ ತಿಳಿದವು. ಮೂರನೆಯದು ತಿಳಿಯುವಷ್ಟರಲ್ಲಿ ಹಾಯಿಯ ಕೆಳಗಿನ ಅಡ್ಡಮರ ಗರ್‍ರನೆ ತಿರುಗಿ ಬಂದು ನನ್ನ ತಲೆಗೆ ಬಡಿಯಿತು.

"ಬಗ್ಗು ಅಂತ ಕನ್ನಡದಾಗ ಹೇಳಾಕ ಏನಾಗೇತಿ ನಿನಗ?" ಎಂದು ತಲೆ ಹಿಡಿದುಕೊಂಡು ಕೂಗಿದೆ.

"ಬಗ್ಗು ಅನ್ನೂದ್ರಾಗ ಬಡದ ಬಿಡ್ತೈತಿ. ಝುಕ್ ಸಣ್ಣದು," ಅಂದ ಕಾಕಾ. ಅವನು ನಗಲಿಲ್ಲ.

ಆ ದಿನ ನಾನು ಏನನ್ನೂ ಸರಿಯಾಗಿ ಮಾಡಲಿಲ್ಲ. ಚುಕ್ಕಾಣಿಯ ಕೋಲನ್ನು ಎಡಕ್ಕೆ ದೂಡಿದರೆ ದೋಣಿ ಬಲಕ್ಕೆ ಹೋಗುತ್ತದೆ, ಇದು ತಲೆಗೆ ಹೋದರೂ ಕೈಗೆ ಹೋಗುತ್ತಿರಲಿಲ್ಲ. ಎಲ್ಲಕ್ಕಿಂತ ನನ್ನನ್ನು ಕಂಗೆಡಿಸಿದ್ದು ಹಿಂತಿರುಗುವ ದಾರಿ. ದಂಡೆ ಎದುರಿಗೇ ಕಾಣುತ್ತಿತ್ತು, ಗಾಳಿಯೂ ಅಲ್ಲಿಂದಲೇ ಬರುತ್ತಿತ್ತು. ನೆಟ್ಟಗೆ ಆ ಕಡೆ ಮೂತಿ ತಿರುಗಿಸಿದರೆ ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಂತೇಬಿಡುತ್ತಿತ್ತು.

"ಗಾಳಿಗೆ ಎದುರಾಗಿ ನೆಟ್ಟಗ ಹೋಗಾಕ ಬರೂದಿಲ್ಲ, ಮಗಳ," ಎಂದ ಕಾಕಾ. "ಓರೆ ಹೋಗಬೇಕು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ದಂಡಿ ಬಿಟ್ಟು ಹೊಂಟಂಗ ಕಾಣತೈತಿ, ಆದ್ರ ಪ್ರತಿ ಸಲ ತಿರುವಿದಾಗೂ ಒಂದೀಟು ಹತ್ರ ಬಂದಿರತಿ."

ಹೇಳುವುದು ಸುಲಭ. ತಿರುವುವಾಗ ನನ್ನ ಕೈ ಅರ್ಧದಲ್ಲೇ ಸಡಿಲಾಗಿ ದೋಣಿ ಗಾಳಿಯ ಬಾಯಿಗೆ ಸಿಕ್ಕು ನಿಲ್ಲುತ್ತಿತ್ತು, ಆಮೇಲೆ ಹಿಂದಕ್ಕೆ ಜಾರಿ ಜಾರಿ ಆಚೆ ದಡದ ಜಾಲಿಕಂಟಿಗೆ ಹೋಗಿ ಸೇರುತ್ತಿತ್ತು. ಮುಳ್ಳು ಬಿಡಿಸಿಕೊಂಡು, ಹುಟ್ಟು ಹಾಕಿಕೊಂಡು ಬಂದಾಗ ಬಟ್ಟೆ ಒಗೆಯುವವರು ಎದ್ದು ಮನೆಗೆ ಹೋಗಿಯಾಗಿತ್ತು.

ಮನೆಗೆ ಬಂದು ಇನ್ನೆಂದೂ ಹೋಗುವುದಿಲ್ಲ ಎಂದೆ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಸ್ಸಿಗೆ ನಿಂತಿದ್ದೆ.

ಆ ಆಷಾಢವಿಡೀ ಹೀಗೇ ನಡೆಯಿತು. ಕೆರೆಯ ಮೇಲೆ ಇರುವಷ್ಟು ಹೊತ್ತು ಬೇರೆ ಯೋಚನೆಗೆ ಎಡೆಯೇ ಇರುತ್ತಿರಲಿಲ್ಲ. ಕೈಯಲ್ಲಿ ಹಗ್ಗ, ಕೆನ್ನೆಯ ಮೇಲೆ ಗಾಳಿ, ಕಿವಿಯಲ್ಲಿ ಕಾಕಾನ ಬೈಗುಳ. ಬಸ್ಸು ಹತ್ತಿ ಬ್ಯಾಡಗಿ ಹತ್ತಿರವಾಗುತ್ತಿದ್ದಂತೆ ಮತ್ತೆ ಅದೇ ಚಡಪಡಿಕೆ. ಶ್ರಾವಣ ಬಂದರೆ ರಾಣೆಬೆನ್ನೂರಿಗೆ ಹೋಗಬೇಕು ಎಂದು ನೆನೆದರೂ ಎದೆ ಬಡಿದುಕೊಳ್ಳುತ್ತಿತ್ತು, ಹೋಗದೆ ಇಲ್ಲೇ ಉಳಿಯುವುದನ್ನು ನೆನೆದರೂ ಬಡಿದುಕೊಳ್ಳುತ್ತಿತ್ತು. ಅಂಗೈ ಹಗ್ಗ ಎಳೆದು ಕೆಂಪಾಗಿ ಸುಲಿಯಿತು. ವೈನಿ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಮೆಲ್ಲಗೆ ಕೇಳಿದಳು, "ನಿಮಗ ಆ ಮನಿ ಸೇರಿಲ್ಲೇನು?"

"ಗೊತ್ತಿಲ್ಲ ವೈನಿ," ಅಂದೆ. "ಸೇರಿಲ್ಲ ಅನ್ನಾಕೂ ಏನೂ ಆಗಿಲ್ಲ."

ಒಮ್ಮೆ ಮಗುಚಿಯೂ ಬಿದ್ದೆವು. ಗಾಳಿ ಜೋರಾಗಿ ನೂಕಿದಾಗ ಹಗ್ಗ ಬಿಡಬೇಕಿತ್ತು. ನಾನು ಇನ್ನಷ್ಟು ಬಿಗಿ ಹಿಡಿದೆ. ಹಾಯಿ ನೀರಿಗೆ ತಾಗಿತು, ಆಮೇಲೆ ಆಕಾಶ ಅಡ್ಡಲಾಯಿತು. ಅಲ್ಲಿ ಕೆರೆ ಆಳವಿರಲಿಲ್ಲ, ಹಾಗಾಗಿ ದೋಣಿಯ ಕಂಬ ತಳದ ಹೂಳಿಗೆ ಹೋಗಿ ನಾಟಿಕೊಂಡಿತು. ಕಾಕಾ ನೀರಿನಲ್ಲಿ ತೇಲುತ್ತಾ, ಪಡಸಾಲೆಯಲ್ಲಿ ಕೂತು ಮಾತಾಡುವವನ ಹಾಗೆ, ಏನು ಮಾಡಬೇಕೆಂದು ಹೇಳಿದ. ದೋಣಿಯ ಹೊಟ್ಟೆಯಿಂದ ಹೊರಗೆ ಚಾಚಿಕೊಂಡಿದ್ದ ಹಲಗೆಯ ಮೇಲೆ ಹತ್ತಿ ನಿಂತು, ಅಂಚು ಹಿಡಿದು ಹಿಂದಕ್ಕೆ ವಾಲಿದೆ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೂಳು ಒಮ್ಮೆಲೇ ಬಿಟ್ಟುಕೊಟ್ಟಿತು. ದೋಣಿ ಎದ್ದು ನಿಂತಿತು, ಹಾಯಿಯಿಂದ ಕೆಸರು ಸುರಿಯುತ್ತಿತ್ತು. ನಾನು ನಗುತ್ತಿದ್ದೆ. ಮದುವೆಯ ಗಡಿಬಿಡಿ ಶುರುವಾದಾಗಿನಿಂದ ನಾನು ಹಾಗೆ ನಕ್ಕಿದ್ದಿಲ್ಲ ಎಂಬುದು ಹೊಳೆದು ಅಲ್ಲಿಯೇ ನಗು ನಿಂತಿತು.

ಕೆಸರು ಬಟ್ಟೆಯಲ್ಲಿ ಮನೆಗೆ ಹೋದಾಗ ಅವ್ವ ಕಿರುಚಾಡಲಿಲ್ಲ. ದೇವರ ಮನೆಯ ಮುಂದೆ ಹೋಗಿ ಕೂತುಬಿಟ್ಟಳು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಒಂದು ದೋಣಿಗೆ ಇಷ್ಟೊಂದು ಯಾಕೆ?

ಆಷಾಢ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಕಾಕಾನ ಮೊಣಕಾಲು ಬಾತು ದಪ್ಪಗಾಗಿತ್ತು. ದಂಡೆಯ ಕಲ್ಲಿನ ಮೇಲೆ ಕಾಲು ಚಾಚಿ ಕೂತು ಗಾಳಿ ನೋಡಿದ, ನನ್ನನ್ನು ನೋಡಿದ. ಮುಂದಿನ ಸಣ್ಣ ಹಾಯಿ ಬಿಚ್ಚಿಟ್ಟು, "ದೊಡ್ಡದೊಂದ ಸಾಕು. ಆ ಕರಿ ಬಂಡಿಗಲ್ಲಿನ ಮಟ ಹೋಗಿ ಬಾ. ಒಬ್ಬಾಕಿನ" ಅಂದ.

"ಸಿಕ್ಕೊಂಡ್ರ?"

"ಸಿಕ್ಕೊಂಡ್ರ ಬಿಡಿಸಿಕೊ."

ಹೋಗುವಾಗ ಏನೂ ಕಷ್ಟವಿರಲಿಲ್ಲ. ಗಾಳಿ ಹಿಂದಿನಿಂದ ನೂಕುತ್ತಿತ್ತು. ಕಾಕಾನ ದನಿ ಇಲ್ಲದ ದೋಣಿಯಲ್ಲಿ ನೀರಿನ ಸದ್ದು ಮೊದಲ ಸಲ ಕೇಳಿಸಿತು, ತಳದ ಹಲಗೆಯ ಕೆಳಗೆ ಯಾರೋ ಪಿಸುಗುಟ್ಟಿದ ಹಾಗೆ. ಕರಿ ಬಂಡೆಯ ಹತ್ತಿರ ತಿರುಗಿಸಿ ದಂಡೆಯ ಕಡೆ ನೋಡಿದೆ. ಕಾಕಾನ ಪಕ್ಕದಲ್ಲಿ ಇನ್ನೊಬ್ಬರು ನಿಂತಿದ್ದರು. ಬಿಳಿ ಅಂಗಿ, ಹಿಂದೆ ಮೋಟರ್ ಸೈಕಲ್ಲು. ಅಷ್ಟು ದೂರದಿಂದ ಮುಖ ಕಾಣದಿದ್ದರೂ ನಿಂತ ರೀತಿಯಿಂದ ಗುರುತು ಸಿಕ್ಕಿತು. ನನ್ನ ಗಂಡ.

ಹಾವೇರಿಯ ಅಂಗಡಿಗಳಿಗೆ ಬೀಜ ತಲುಪಿಸಲು ಬಂದಿದ್ದರಂತೆ. ಅಂಗಡಿಯವನೊಬ್ಬ, "ನಿಮ್ಮ ಮನ್ಯಾರು ಕೆರ್‍ಯಾಗ ದೋಣಿ ನಡಸ್ತಾರಂತಲ್ರಿ" ಎಂದನಂತೆ. ಚೀಲ ಇಳಿಸುವುದನ್ನು ಅರ್ಧಕ್ಕೇ ಬಿಟ್ಟು ಬಂದಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಅನ್ನಿಸಿದ್ದು ಒಂದೇ: ಆಷಾಢದಲ್ಲಿ ಮುಖ ನೋಡಬಾರದವರು, ಬೈಯಲಿಕ್ಕೇ ಬಂದಿದ್ದಾರೆ.

ಹಾಯಿ ಬಿಗಿದು ಓರೆಯಾಗಿ ಬಡಗಣಕ್ಕೆ ಹೊರಟೆ. ದಂಡೆ ಬಲು ದೂರ ಉಳಿಯಿತು. ತಲೆ ತಗ್ಗಿಸಿ, ಜಾಗ ಬದಲಿಸಿ, ತಿರುವಿದೆ. ದೋಣಿ ನಿಲ್ಲಲಿಲ್ಲ. ಈಗ ತೆಂಕಣಕ್ಕೆ. ಮತ್ತೆ ತಿರುವಿದೆ. ಪ್ರತಿ ಸಲವೂ ಒಂದಿಷ್ಟು ಹತ್ತಿರ. ಈ ಸಲ ಕೈ ತಪ್ಪುತ್ತಿರಲಿಲ್ಲ. ದಂಡೆಯಿಂದ ಏನೋ ಕೂಗು ಬಂತು. ಗಾಳಿ ಆ ಕಡೆಯಿಂದಲೇ ಬೀಸುತ್ತಿದ್ದರಿಂದ ನನ್ನ ಹೆಸರು ಎಂದು ತಿಳಿಯಿತು. ನೋಡಿದೆ. ನನ್ನ ಗಂಡ ನೀರಿನ ಅಂಚಿಗೆ ಬಂದು ಎರಡೂ ಕೈ ಬೀಸುತ್ತಿದ್ದರು.

ನಾನು ದಂಡೆಗೆ ಬೆನ್ನು ಹಾಕಿದಂತೆ ಓರೆ ಹೋದಾಗಲೆಲ್ಲ ಅವರಿಗೆ, ಗಾಳಿ ನನ್ನನ್ನು ಹೊತ್ತುಕೊಂಡು ಹೋಗುತ್ತಿದೆ ಎಂದೇ ಕಂಡಿತ್ತು. ಕಾಕಾ ಅವರ ತೋಳು ಹಿಡಿದು, "ಅಳ್ಯಾರ, ಆಕಿ ಬರಾಕತ್ತಾಳ್ರಿ, ಹೊಂಟಿಲ್ಲ! ಬರೂ ದಾರಿನ ಹಂಗ!" ಎನ್ನುತ್ತಿದ್ದನಂತೆ. ಅವರ ಕಿವಿಗೆ ಅದು ಹೋಗಲಿಲ್ಲ. ತೋಳು ಕೊಡವಿಕೊಂಡು, ಚಪ್ಪಲಿಯನ್ನೂ ಬಿಡದೆ ನೀರಿಗೆ ಇಳಿದರು.

ನಾನು ಅದನ್ನು ನೋಡಿದೆ. ಮೊಣಕಾಲು, ಸೊಂಟ, ಎದೆ. ಅವರು ಈಜುತ್ತಿರಲಿಲ್ಲ, ನಡೆಯುತ್ತಿದ್ದರು, ಕೈ ಎರಡೂ ಮೇಲಕ್ಕೆತ್ತಿಕೊಂಡು, ಎಷ್ಟು ದೂರ ಹೋದರೂ ಕಾಲಿಗೆ ನೆಲ ಸಿಗುತ್ತದೆ ಎಂದು ನಂಬಿದವರ ಹಾಗೆ. ಆ ಕಡೆ ಮಣ್ಣು ತೆಗೆದ ಹೊಂಡಗಳಿದ್ದವು. ಹುಟ್ಟು ಹಾಕುವಾಗ ಹಲವು ಸಲ ತಳ ಸಿಗದಿದ್ದುದು ನೆನಪಾಯಿತು.

"ನಿಂದರ್ರಿ!" ಎಂದು ಕೂಗಿದೆ. "ಅಲ್ಲೇ ನಿಂದರ್ರಿ! ಮುಂದ ತೆಗ್ಗು ಐತಿ!"

ಗಾಳಿ ನನ್ನ ಕೂಗನ್ನು ಹಿಂದಕ್ಕೇ ಒಯ್ದಿತು.

ಕೊನೆಯ ಸಲ ತಿರುವಿದೆ. ಈಗ ನೇರವಾಗಿ ಅವರ ಪಕ್ಕಕ್ಕೇ ಹೋಗುತ್ತಿದ್ದೆ, ಬಹಳ ವೇಗದಲ್ಲಿ. ದೋಣಿಯನ್ನು ಒಬ್ಬ ಮನುಷ್ಯನ ಹತ್ತಿರ ನಿಲ್ಲಿಸುವುದು ಹೇಗೆಂದು ಕಾಕಾ ತೋರಿಸಿದ್ದ. ತೇಲುವ ಪ್ಲಾಸ್ಟಿಕ್ ಕೊಡ ಎಸೆದು ಎಷ್ಟೋ ಸಲ ಮಾಡಿಸಿದ್ದ, ನನಗೆ ಒಮ್ಮೆಯೂ ಬಂದಿರಲಿಲ್ಲ. ಪ್ರತಿ ಸಲ ಕೊಡವನ್ನು ದಾಟಿ ಹೋಗುತ್ತಿದ್ದೆ, ಇಲ್ಲವೆ ಅದಕ್ಕೆ ಡಿಕ್ಕಿ ಹೊಡೆಯುತ್ತಿದ್ದೆ. ಈಗ ಯೋಚನೆಗೆ ಹೊತ್ತಿರಲಿಲ್ಲ. ಅವರಿಗಿಂತ ತುಸು ಮೊದಲೇ ಚುಕ್ಕಾಣಿಯನ್ನು ಪೂರಾ ದೂಡಿ ಹಗ್ಗ ಬಿಟ್ಟೆ. ದೋಣಿಯ ಮೂತಿ ಗಾಳಿಗೆ ತಿರುಗಿತು, ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನಿಂತಿತು. ಅವರ ಕೈಯಳತೆಯಲ್ಲಿ.

"ಅಂಚ ಹಿಡೀರಿ," ಅಂದೆ.

ಹಿಡಿದರು. ನೀರು ಅವರ ಭುಜದವರೆಗೆ ಬಂದಿತ್ತು. ಅವರು ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡರು, ಬಳೆಗಳ ಮೇಲಿನ ಒದ್ದೆ ಬಟ್ಟೆಯ ಸಮೇತ. ಆ ಹಿಡಿತಕ್ಕೆ ಒಳಗೆ ಒಂದು ಬಳೆ ಚಟ್ಟನೆ ಒಡೆದದ್ದು ನನಗೆ ಗೊತ್ತಾಯಿತು. ಕಾಕಾ ಕುಂಟುತ್ತಾ ನೀರಿಗಿಳಿದು ಬಂದು ದೋಣಿಯನ್ನೂ ನಮ್ಮನ್ನೂ ದಂಡೆಗೆ ಎಳೆದುಕೊಂಡ.

ರಸ್ತೆಯ ಬದಿಯ ಚಹಾದಂಗಡಿಯಲ್ಲಿ ಕೂತೆವು. ಕಾಕಾ ದೋಣಿ ಕಟ್ಟುವ ನೆವದಲ್ಲಿ ಅಲ್ಲೇ ಉಳಿದ. ಅವರ ಪ್ಯಾಂಟಿನಿಂದ ಕೆಂಪು ನೀರು ಸೋರಿ ಬೆಂಚಿನ ಕೆಳಗೆ ನಿಂತಿತ್ತು. ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಕುಡಿಯುತ್ತಿರಲಿಲ್ಲ.

"ಬ್ಯಾಡ ಅಂತ ಹೇಳಾಕ ಬಂದಿದ್ದೆ," ಅಂದರು.

"ಹೇಳ್ರಿ ಹಂಗಾರ."

ಅವರು ಕೆರೆಯ ಕಡೆ ನೋಡಿದರು. "ನಮ್ಮ ಅಪ್ಪ ಹೆಂಗ ಹೋದ್ರು ಅಂತ ಗೊತ್ತೈತೇನು ನಿನಗ?"

ರಾಣೆಬೆನ್ನೂರಿನ ಪಡಸಾಲೆಯಲ್ಲಿ ಮಾವನ ಫೋಟೋ ಇತ್ತು, ಅದಕ್ಕೆ ಗಂಧದ ಹಾರ. ದಿನಾ ಅದರ ಮುಂದೆ ದೀಪ ಹಚ್ಚಿದ್ದೆ. ಹೇಗೆ ಎಂದು ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

"ಅಮಾಸಿ ಜಳಕಕ್ಕ ತುಂಗಭದ್ರಾಕ್ಕ ಹೋಗಿದ್ವಿ, ನಾನೂ ಅವರೂ. ಆಗ ನಾ ಕಾಲೇಜಿಗೆ ಹೋಗತಿದ್ದೆ. ಅವರಿಗೆ ಈಜು ಬರತಿತ್ತು, ಚಲೋ ಬರತಿತ್ತು. ನನಗ ಬರತಿದ್ದಿಲ್ಲ. ಅಂಗಿ, ಗಡಿಯಾರ ನನ್ನ ಕೈಯಾಗ ಕೊಟ್ಟು, ಹಿಡಕೊಂಡು ಕುಂದ್ರು, ಒಂದು ಸುತ್ತು ಹಾಕಿ ಬರ್ತೇನಿ ಅಂದ್ರು." ಗ್ಲಾಸನ್ನು ಬೆಂಚಿನ ಮೇಲಿಟ್ಟರು. "ದಂಡಿಗೆ ಬರಾಕತ್ತಾರ ಅಂತ ತಿಳಕೊಂಡಿದ್ದೆ. ಕೈ ಎತ್ತಿದ್ರು. ನಾನೂ ಕೈ ಎತ್ತಿದೆ. ಕುಂತ ಕುಂತಲ್ಲೇ."

ಇವತ್ತು ಈ ಮನುಷ್ಯ ಕೂತಿರಲಿಲ್ಲ. ಈಜು ಬಾರದೆಯೂ ಕೂತಿರಲಿಲ್ಲ. ಅಷ್ಟು ಮಾತ್ರ ತಲೆಯಲ್ಲಿ ತಿರುಗುತ್ತಿತ್ತು.

"ನಾ ಬರಾಕತ್ತಿದ್ದೆರಿ," ಎಂದೆ ಕೊನೆಗೆ. "ಹೊಂಟಿದ್ದಿಲ್ಲ. ದಂಡಿಗೆ ಬರಾಕ ಹಂಗ ಓರೆ ಓರೆ ಬರಬೇಕಾಗತೈತಿ."

"ಈಗ ನಿಮ್ಮ ಕಾಕಾ ಹೇಳಿದ್ರು," ಅಂದರು. ಆಮೇಲೆ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿ, "ಬ್ಯಾಡ ಅನ್ನಾಕ ಬಾಯಿ ಬರವಲ್ದು. ಹೆಂಗ ನಿಲ್ಲಿಸಿದಿ ಅದನ್ನ, ನನ್ನ ಮುಂದ ತಂದು?" ಎಂದರು.

ನಾನು ಹೇಳಿದೆ. ಬೆಂಚಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳಿನಿಂದ ಗಾಳಿ ಬರೆದು, ದೋಣಿ ಬರೆದು ಹೇಳಿದೆ. ಅವರು ಒಂದೊಂದು ಪ್ರಶ್ನೆ ಕೇಳುತ್ತಾ ಹೋದರು. ಅಂಗಡಿಯವನು ಗ್ಲಾಸು ಒಯ್ಯಲು ಬಂದು, ಹಾಗೇ ವಾಪಸು ಹೋದ. ಅಷ್ಟು ಹೊತ್ತು ನಾವಿಬ್ಬರೂ ಮಾತಾಡಿದ್ದು ಅದೇ ಮೊದಲು.

ಮನೆಗೆ ಬಂದು ಅವ್ವನನ್ನು ಅಡುಗೆ ಮನೆಯಲ್ಲಿ ಹಿಡಿದೆ. "ನಿನಗ ಗೊತ್ತಿತ್ತು. ಅಪ್ಪಗೂ ಗೊತ್ತಿತ್ತು."

ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಮದುವಿ ಮಾತಿನ್ಯಾಗ ಸಾವಿನ ಮಾತು ಯಾರರ ತಗೀತಾರೇನು?"

"ನಾ ನೀರಿಗೆ ಹೋಗೂ ಮುಂದರ ಹೇಳಬೇಕಿತ್ತು."

"ಹೇಳಿದ್ರ ನೀ ನೀರಿಗೆ ಹೋಗತಿದ್ದಿಲ್ಲ ಏನು?"

ಅವ್ವನ ಕಣ್ಣು ತುಂಬಿತ್ತು. "ದಿನಾ ನೀ ಬಸ್ ಹತ್ತಿದ ಕೂಡಲೆ ನಾ ಇಲ್ಲೆ ಉಸರ ಹಿಡಕೊಂಡು ಕುಂದರ್ತಿದ್ದೆ. ಬೀಗರ ಮಾರಿ ನೆನಸಿಕೊಂಡು," ಎಂದಳು. ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಹಿಡಿದುಕೊಂಡು ನಿಲ್ಲುವ ಜಾಗವೂ ಉಳಿಯಲಿಲ್ಲ. ಸುಮ್ಮನೆ ಅವಳ ಪಕ್ಕ ಕೂತು ರೊಟ್ಟಿ ತಟ್ಟಿದೆ.

ಪಂಚಮಿ ಮುಗಿಸಿಕೊಂಡು ರಾಣೆಬೆನ್ನೂರಿಗೆ ಹೋದೆ. ಅತ್ತೆಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು, ಮಗ ಒದ್ದೆ ಪ್ಯಾಂಟಿನಲ್ಲಿ ಮನೆಗೆ ಬಂದಿದ್ದರಲ್ಲ. ಆ ಮನೆಯಲ್ಲಿ ಯಾರೂ ಹೊಳೆಯ ಕಡೆ ಹೋಗುತ್ತಿರಲಿಲ್ಲ. ಅಮಾವಾಸ್ಯೆ ಬಂದರೆ ಅತ್ತೆ ಬೆಳಗಿನಿಂದ ಮಗನನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳುತ್ತಿದ್ದರು ಎಂಬುದನ್ನು ಈಗ ನಾನು ಗಮನಿಸಿದೆ. ನನ್ನನ್ನು ಮಾತ್ರ ಏನೂ ಕೇಳಲಿಲ್ಲ. ದಿನಗಳು ಹೋದವು. ಕೇಳದೆ ಇರುವುದು ನನಗೆ ಕೇಳುವುದಕ್ಕಿಂತ ಕಷ್ಟವಾಯಿತು. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ, ಈಗ ಕೇಳುತ್ತಾರೆ, ಈಗ ಎಂದು ಕಾಯುತ್ತಿದ್ದೆ.

ಒಂದು ಮಧ್ಯಾಹ್ನ ಇಬ್ಬರೇ ಶೇಂಗಾ ಸುಲಿಯುತ್ತಿದ್ದಾಗ ಅತ್ತೆ ತಲೆ ಎತ್ತದೆ ಕೇಳಿದರು, "ನಿನಗ ಖರೇನ ಈಜು ಬರ್ತೈತೇನು?"

"ಬರ್ತೈತ್ರಿ."

"ಎಲ್ಲೆ ಕಲತಿ?"

"ಹೊಸರಿತ್ತ್ಯಾಗ, ಹೊಳ್ಯಾಗರಿ. ಅಜ್ಜ ಕಲಿಸಿದ್ದ."

ಇನ್ನೊಂದಿಷ್ಟು ಶೇಂಗಾ ಸುಲಿದರು. ಸಿಪ್ಪೆಯನ್ನು ಮೊರದ ಅಂಚಿಗೆ ಸರಿಸಿದರು. "ಹಂಗಾರ ಅವಂಗೂ ಕಲಿಸು," ಅಂದರು. "ನಾ ಇಷ್ಟು ದಿನ ನೀರಿನಿಂದ ದೂರ ಇಟ್ಟೆ. ಅದರಾಗೇನೂ ಬರಲಿಲ್ಲ. ಆವತ್ತ ನೀ ದೋಣಿ ತಂದು ನಿಲ್ಲಿಸಿದ್ದಿಲ್ಲಂದ್ರ ಇವನೂ ಹೋಗತಿದ್ದ."

ಬೇಸಿಗೆಯಲ್ಲಿ ಅತ್ತೆಮನೆಯ ಹೊಲದ ಬಾವಿಯಲ್ಲಿ ಶುರು ಮಾಡಿದೆವು. ಮೆಟ್ಟಿಲಿರುವ ಅಗಲವಾದ ಬಾವಿ. ನಾನು ಸೀರೆಯ ಕಚ್ಚೆ ಹಾಕಿ ಇಳಿದೆ, ಅವರ ಸೊಂಟಕ್ಕೆ ಟ್ರ್ಯಾಕ್ಟರಿನ ಟ್ಯೂಬು ಹಾಕಿ ಹಗ್ಗ ಕಟ್ಟಿದೆ. ಕಾಕಾನೂ ಹಾವೇರಿಯಿಂದ ಬಂದು ಮೆಟ್ಟಿಲ ಮೇಲೆ ಕೂತು ಹಿಂದಿಯಲ್ಲಿ ಕೂಗತೊಡಗಿದ್ದ, ಅವನನ್ನು ಬೇವಿನ ಮರದ ಕೆಳಗೆ ಕಳಿಸಬೇಕಾಯಿತು. ನನ್ನ ಗಂಡ ಒಳ್ಳೆಯ ವಿದ್ಯಾರ್ಥಿಯಲ್ಲ. ನೀರು ಎದೆಗೆ ಬಂದರೆ ಕಲ್ಲು ಹಿಡಿದುಕೊಳ್ಳುತ್ತಿದ್ದರು, ಬೆರಳು ಬಿಡಿಸಲು ಆಗುತ್ತಿರಲಿಲ್ಲ. ನನಗೂ ತಾಳ್ಮೆ ಕಡಿಮೆ. ಎಷ್ಟೋ ಸಲ ಜಗಳವಾಡಿಕೊಂಡೇ ಮನೆಗೆ ಬಂದಿದ್ದೇವೆ.

ಅತ್ತೆ ಪ್ರತಿ ಸಲವೂ ಬರುತ್ತಿದ್ದರು. ಬಾವಿಯ ಕಟ್ಟೆಯ ಮೇಲೆ, ನೀರಿಗೆ ಬೆನ್ನು ಮಾಡಿ, ಸೆರಗು ಬಿಗಿದು ಕೂರುತ್ತಿದ್ದರು. ಒಮ್ಮೆಯೂ ತಿರುಗಿ ನೋಡುತ್ತಿರಲಿಲ್ಲ. ಒಂದು ಮುಂಜಾನೆ ನಾನು ಟ್ಯೂಬು ತೆಗೆದೆ, ನನ್ನ ಗಂಡನ ಬೆನ್ನಿನ ಕೆಳಗಿನಿಂದ ಅಂಗೈಯನ್ನೂ ಮೆಲ್ಲಗೆ ಸರಿಸಿದೆ. ಅವರು ಮುಳುಗಲಿಲ್ಲ. ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು, ಆಕಾಶಕ್ಕೆ ಮುಖ ಮಾಡಿ ತೇಲಿದರು. ನಮ್ಮ ಮಾತು ನಿಂತದ್ದು ಅತ್ತೆಗೆ ಕೇಳಿಸಿರಬೇಕು.

"ಮ್ಯಾಲ ಅದಾನೇನಬೇ?" ಎಂದು ಬೆನ್ನು ತಿರುಗಿಸಿಯೇ ಕೇಳಿದರು.

"ಅದಾರ್ರಿ," ಅಂದೆ.

ಅತ್ತೆ ತಿರುಗಿ ನೋಡಿದರು.